ಕಡಲಾಚೆಯ ಜೋಡಾಟ

ನಮ್ಮ ಕಡೆ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಅಪರೂಪಕ್ಕೊಮ್ಮೆ ಜೋಡಾಟ ಆಗುತ್ತಿತ್ತು. ಎರಡು ಮೇಳ, ಅಕ್ಕಪಕ್ಕದಲ್ಲಿ ಎರಡು ರಂಗಸ್ಥಳ, ಒಂದೇ ರಾತ್ರಿ, ಒಂದೇ ಪ್ರಸಂಗ. ಇತ್ತಲಿನ ಭಾಗವತ ಏರುಪದ ಹಿಡಿದರೆ ಅತ್ತಲಿನವನು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಈ ಚೆಂಡೆ ನಿಲ್ಲುವುದರೊಳಗೆ ಆ ಚೆಂಡೆ ಶುರು. ಜನ ಚಾಪೆ ಕಂಕುಳಲ್ಲಿಟ್ಟುಕೊಂಡು ರಾತ್ರಿಯಿಡೀ ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ ಸರಿದಾಡುತ್ತಿದ್ದರು. ಬೆಳಗಿನ ಜಾವ ಯಾರ ಮುಂದೆ ಹೆಚ್ಚು ಚಾಪೆ ಇದ್ದವೋ ಅವರು ಗೆದ್ದಂತೆ. ಅಷ್ಟೆಲ್ಲ ಹೊಡೆದಾಡಿಕೊಂಡವರು ಬಣ್ಣ ತೆಗೆದು ಒಂದೇ ಪಂಕ್ತಿಯಲ್ಲಿ ಕೂತು ಅವಲಕ್ಕಿ ತಿನ್ನುವುದನ್ನು ನೋಡಿ ಹುಡುಗನಾಗಿದ್ದ ನನಗೆ ಮೋಸವಾದಂತೆ ಅನಿಸುತ್ತಿತ್ತು.

ಇಂಗ್ಲಿಷ್ ಹಾಡುಗಳ ವಿಷಯ ಬರೆಯಲು ಹೊರಟವನು ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾನಲ್ಲ ಎಂದು ನಗಬೇಡಿ. ಬ್ರಿಟನ್ನಿಗೂ ಅಮೆರಿಕಕ್ಕೂ ನಡುವೆ ಎಪ್ಪತ್ತು ವರ್ಷಗಳಿಂದ ನಡೆದಿರುವ ಹಾಡಿನ ಪೈಪೋಟಿಯನ್ನು ನೆನೆದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಎರಡು ರಂಗಸ್ಥಳ. ಆಮೇಲೆ ನೆನಪಾಗುವುದು ಬೆಂಗಳೂರಿನ ಹಾಸ್ಟೆಲೊಂದರ ಸುಣ್ಣದ ಗೋಡೆ.

1973ರಿಂದ ಎರಡು ವರ್ಷ ನಾನು ಆ ಕೋಣೆಯಲ್ಲಿದ್ದೆ. ಜೊತೆಗಿದ್ದವನು ಕೋಲಾರದ ಚಿನ್ನದ ಗಣಿಯ ಕಡೆಯ ಹುಡುಗ. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ಹಾಡಿನ ಮಾತು ಇಂಗ್ಲಿಷ್. ಬಂದ ಮೂರನೆಯ ದಿನವೇ ನಾವು ಪಕ್ಷ ಹಂಚಿಕೊಂಡೆವು. ಅವನು ಇಂಗ್ಲೆಂಡ್, ನಾನು ಅಮೆರಿಕ. ನಾನು ಅಮೆರಿಕ ಆದದ್ದು ಅವನು ಇಂಗ್ಲೆಂಡ್ ಆದನೆಂಬ ಒಂದೇ ಕಾರಣಕ್ಕೆ. ಅಷ್ಟು ಹೊತ್ತಿಗೆ ನಾನು ಕೇಳಿದ್ದ ಅಮೆರಿಕದ ಹಾಡು ನಾಲ್ಕೋ ಐದೋ ಇರಬೇಕು. ಗೋಡೆಗೆ ಪೆನ್ಸಿಲಿನಲ್ಲಿ ಎರಡು ಕಲಮು ಎಳೆದು ಅಂಕ ಹಾಕತೊಡಗಿದೆವು. ಒಳ್ಳೆಯ ಹಾಡೊಂದು ಕಿವಿಗೆ ಬಿದ್ದರೆ ಅದರ ದೇಶಕ್ಕೆ ಒಂದು ಗೀಟು. ಹತ್ತು ಗೀಟು ಮುಂದಾದವನಿಗೆ ಎದುರಾಳಿ ಮಸಾಲೆದೋಸೆ ಕೊಡಿಸಬೇಕು.

ನಮ್ಮ ಸರಂಜಾಮು ಬಹಳ ಬಡವಾದದ್ದು. ಅವನ ಟ್ರಾನ್ಸಿಸ್ಟರ್, ಅದರಲ್ಲಿ ಕರಕರ ಎನ್ನುತ್ತ ಬರುವ ಬಿಬಿಸಿ, ವಾಯ್ಸ್ ಆಫ್ ಅಮೆರಿಕ, ಸಿಲೋನ್. ಕಲ್ಕತ್ತೆಯಿಂದ ಬರುತ್ತಿದ್ದ ‘ಜೂನಿಯರ್ ಸ್ಟೇಟ್ಸ್‌ಮನ್’ ಪತ್ರಿಕೆಯ ಹಳೆಯ ಸಂಚಿಕೆಗಳು. ಪರಿಚಯದವರೊಬ್ಬರ ಮನೆಯಲ್ಲಿದ್ದ ಗ್ರಾಮಫೋನಿಗೆ ದಮ್‌ದಮ್ ಕಾರ್ಖಾನೆಯಲ್ಲಿ ಅಚ್ಚಾದ ನಾಯಿ ಮಾರ್ಕಿನ ತಟ್ಟೆಗಳು. ಇಷ್ಟರ ಮೇಲೆ ನಾವು ಎರಡು ದೇಶಗಳ ಹಣೆಬರಹ ತೀರ್ಮಾನಿಸುತ್ತಿದ್ದೆವು.

ಅವನ ಕೈಯಲ್ಲಿ ತುರುಪುಗಳಿದ್ದವು. ಕ್ಲಿಫ್ ರಿಚರ್ಡ್ ಹುಟ್ಟಿದ್ದು 1940ರಲ್ಲಿ ಲಖನೌದಲ್ಲಿ. ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ಹುಟ್ಟಿದ್ದು 1936ರಲ್ಲಿ ಮದರಾಸಿನಲ್ಲಿ. “ಇವರೆಲ್ಲ ನಮ್ಮ ಕಡೆಯವರು ಗುರುವೇ, ನಿನ್ನ ಕಡೆ ಯಾರಿದ್ದಾರೆ?” ಎಂದು ಕೇಳಿದರೆ ನನ್ನ ಬಾಯಿ ಕಟ್ಟಿತು. ಎಷ್ಟೋ ವರ್ಷದ ಮೇಲೆ ಅವನಿಂದ ಒಂದು ಪೋಸ್ಟ್‌ಕಾರ್ಡ್ ಬಂತು. ಕ್ಷೇಮ ಸಮಾಚಾರ ಒಂದಕ್ಷರವಿಲ್ಲ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಪಾರ್ಸಿ ಹುಡುಗನೆಂದೂ ಪಂಚಗಣಿಯಲ್ಲಿ ಓದಿದವನೆಂದೂ ಬರೆದು ಕೆಳಗೆ ಒಂದು ಗೀಟು ಎಳೆದಿದ್ದ.

ನನ್ನ ಬಳಿ ಇದ್ದದ್ದು ಒಂದೇ ಅಸ್ತ್ರ. ನಿಮ್ಮದೆಲ್ಲ ಕಡ ತಂದದ್ದು ಎನ್ನುವುದು.

ಆ ವಾದದಲ್ಲಿ ಹುರುಳಿತ್ತು ಎಂದು ಈಗಲೂ ಹೇಳಬಲ್ಲೆ. ಎರಡನೆಯ ಯುದ್ಧ ಮುಗಿದ ಕಾಲದ ಬ್ರಿಟನ್ನಿನಲ್ಲಿ ಅಮೆರಿಕದ ವಾದ್ಯಗಾರರನ್ನು ಎದುರಿಗೆ ಕಂಡು ಕೇಳುವುದೇ ಕಷ್ಟವಾಗಿತ್ತು. 1935ರಿಂದ ಸುಮಾರು ಇಪ್ಪತ್ತು ವರ್ಷ, ಎರಡೂ ದೇಶಗಳ ವಾದ್ಯಗಾರರ ಸಂಘಗಳು ಹಠ ಹಿಡಿದು ಕೂತಿದ್ದವು: ನಿಮ್ಮವರು ಇಲ್ಲಿ ನುಡಿಸಬೇಕಾದರೆ ನಮ್ಮವರಿಗೆ ಅಲ್ಲಿ ಕೆಲಸ ಕೊಡಿ. 1956ರಲ್ಲಿ ಅಮೆರಿಕದ ಸ್ಟಾನ್ ಕೆಂಟನ್ ತನ್ನ ತಂಡ ಕಟ್ಟಿಕೊಂಡು ಬ್ರಿಟನ್ನಿಗೆ ಬಂದಾಗ ಅದಕ್ಕೆ ಬದಲಾಗಿ ಬ್ರಿಟನ್ನಿನ ಟೆಡ್ ಹೀತನ ತಂಡ ಅಮೆರಿಕಕ್ಕೆ ಹೋಯಿತು. ಮದುವೆಯಲ್ಲಿ ಕೊಟ್ಟು ತರುವ ಸಂಬಂಧವಿದ್ದಂತೆ. ಹೀಗಾಗಿ ಬ್ರಿಟನ್ನಿನ ಹುಡುಗರಿಗೆ ಅಮೆರಿಕ ಎಂದರೆ ಬಂದರಿನ ಹಡಗಿನಲ್ಲೋ ಅಂಚೆಯಲ್ಲೋ ಬರುವ ತಟ್ಟೆ, ಇಲ್ಲವೆ ರಾತ್ರಿ ಹೊದಿಕೆಯೊಳಗೆ ಕದ್ದು ಕೇಳುವ ರೇಡಿಯೊ ಲಕ್ಸೆಂಬರ್ಗ್. ನಮ್ಮ ಟ್ರಾನ್ಸಿಸ್ಟರಿಗಿಂತ ಬಹಳವೇನೂ ಮೇಲಲ್ಲ.

ಆ ವರ್ಷವೇ ಲಾನಿ ಡಾನೆಗನ್ ಎಂಬವನು ಹಾಡಿದ ‘ರಾಕ್ ಐಲೆಂಡ್ ಲೈನ್’ ಇಂಗ್ಲೆಂಡಿನ ಹುಡುಗರ ತಲೆ ಕೆಡಿಸಿತು. ಅದು ಅಮೆರಿಕದ ಕಪ್ಪು ಜನರ ಹಾಡು. ಅವನು ಕಲಿತದ್ದು ಲೀಡ್ ಬೆಲ್ಲಿಯ ತಟ್ಟೆಯಿಂದ. ಅದನ್ನು ನುಡಿಸಲು ದುಡ್ಡು ಬೇಕಿರಲಿಲ್ಲ. ಅಗ್ಗದ ಒಂದು ಗಿಟಾರು, ಬಟ್ಟೆ ಉಜ್ಜುವ ಏರುತಗ್ಗಿನ ತಗಡು, ಚಹಾ ತುಂಬಿ ಬರುತ್ತಿದ್ದ ತೆಳು ಹಲಗೆಯ ಪೆಟ್ಟಿಗೆಗೆ ಒಂದು ಕೋಲು ಸಿಕ್ಕಿಸಿ ದಾರ ಬಿಗಿದರೆ ಮಂದ್ರ ಸ್ವರಕ್ಕೆ ಅದೇ ವಾದ್ಯ. ಲಿವರ್‌ಪೂಲಿನಲ್ಲಿ ಜಾನ್ ಲೆನನ್ ಕಟ್ಟಿದ ಮೊದಲ ತಂಡವೂ ಇಂಥದೇ. (ಆ ಚಹಾ ಪೆಟ್ಟಿಗೆಗಳಲ್ಲಿ ಒಂದಾದರೂ ನೀಲಗಿರಿಯಿಂದ ಹೋದದ್ದಿರಬೇಕು ಎಂದು ನಾನು ಆಧಾರವಿಲ್ಲದೆ ನಂಬಿದ್ದೇನೆ.) ಡಾನೆಗನ್ನನ ಆ ತಟ್ಟೆ ಅಮೆರಿಕಕ್ಕೆ ಹೋಗಿ ಅಲ್ಲಿಯೂ ಮೊದಲ ಹತ್ತರೊಳಗೆ ನಿಂತಿತು. ಅವರ ಹಾಡನ್ನು ಅವರಿಗೇ ಮಾರುವ ವ್ಯಾಪಾರ ಶುರುವಾದದ್ದು ಹೀಗೆ.

1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ಎಂಬ ಹುಡುಗ ಮಿಕ್ ಜಾಗರ್ ಎಂಬ ಇನ್ನೊಬ್ಬ ಹುಡುಗನನ್ನು ಮಾತಾಡಿಸಿದ್ದು ಅವನ ಕಂಕುಳಲ್ಲಿದ್ದ ಎರಡು ತಟ್ಟೆಗಳಿಗಾಗಿ: ಒಂದು ಚಕ್ ಬೆರ್ರಿಯದು, ಇನ್ನೊಂದು ಮಡ್ಡಿ ವಾಟರ್ಸನದು. ಎರಡೂ ಷಿಕಾಗೊದ ಚೆಸ್ ಕಂಪನಿಯವು. ಮುಂದೆ ಕಟ್ಟಿದ ತಂಡಕ್ಕೆ ಅವರು ಇಟ್ಟ ರೋಲಿಂಗ್ ಸ್ಟೋನ್ಸ್ ಎಂಬ ಹೆಸರೂ ಮಡ್ಡಿ ವಾಟರ್ಸನ ಹಾಡಿನದೇ. 1964ರ ಜೂನಿನಲ್ಲಿ ಅವರು ಅಮೆರಿಕಕ್ಕೆ ಹೋದಾಗ ದೇವಸ್ಥಾನಕ್ಕೆ ಹೋದವರ ಹಾಗೆ ಆ ಕಂಪನಿಯ ಸ್ಟುಡಿಯೋಗೆ ಹೋಗಿ ಧ್ವನಿಮುದ್ರಣ ಮಾಡಿಬಂದರು.

ಬೀಟಲ್ಸ್ ಅಮೆರಿಕಕ್ಕೆ ಇಳಿದದ್ದು ಅದೇ ವರ್ಷ ಫೆಬ್ರವರಿ 7ಕ್ಕೆ. ಎರಡು ದಿನದ ಮೇಲೆ ಟೆಲಿವಿಷನ್ನಿನಲ್ಲಿ ಅವರನ್ನು ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ಏಪ್ರಿಲ್ 4ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಐದೂ ಹಾಡು ಅವರವೇ. ಇದು ನನ್ನ ಗೆಳೆಯನಿಗೆ ಕಂಠಪಾಠ. ಬೆಳಿಗ್ಗೆ ಹಲ್ಲುಜ್ಜುತ್ತ ಆ ಐದು ಹೆಸರು ಹೇಳುತ್ತಿದ್ದ. ಅವನಿಗೂ ನನಗೂ ಆಗ ತಿಳಿಯದಿದ್ದ ಸಂಗತಿ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಕ್ಯಾಪಿಟಲ್ ಕಂಪನಿ 1955ರಿಂದಲೇ ಬ್ರಿಟನ್ನಿನ ಇಎಂಐ ಕೈಯಲ್ಲಿತ್ತು. ಆದರೂ ಒಡೆಯರ ಮನೆಯ ಹುಡುಗರಾದ ಬೀಟಲ್ಸರ ತಟ್ಟೆಗಳನ್ನು ಅದು 1963ರಲ್ಲಿ ಮತ್ತೆ ಮತ್ತೆ ಬೇಡವೆಂದಿತು. ಆಗ ಅವನ್ನು ಹೊರತಂದದ್ದು ವೀ-ಜೇ ಎಂಬ ಷಿಕಾಗೊದ ಕಂಪನಿ, ಕಪ್ಪು ಜನರ ಒಡೆತನದ್ದು. ಇನ್ನು ಬೀಟಲ್ಸರಿಗೆ ಸೆಡ್ಡು ಹೊಡೆದ ಅಮೆರಿಕದ ಬೀಚ್ ಬಾಯ್ಸ್ ಹಾಡುತ್ತಿದ್ದದ್ದೂ ಕ್ಯಾಪಿಟಲ್‌ಗೇ. ಎರಡು ಮೇಳ ಹೊಡೆದಾಡಿದರೂ ಟಿಕೇಟಿನ ದುಡ್ಡು ಹೋಗುತ್ತಿದ್ದದ್ದು ಒಂದೇ ಯಜಮಾನನ ಪೆಟ್ಟಿಗೆಗೆ.

ಅದಿರಲಿ. ಒಂದು ರಾತ್ರಿ ಗೋಡೆಯ ಮೇಲೆ ಅವನು ಒಂಬತ್ತು ಗೀಟು ಮುಂದಿದ್ದ. ಹತ್ತನೆಯದನ್ನು ರೋಲಿಂಗ್ ಸ್ಟೋನ್ಸರ ಯಾವುದೋ ಹಾಡಿಗೆ ಎಳೆಯಲು ಎದ್ದ. ನಾನು ಬಿಡಲಿಲ್ಲ. ಆ ಹಾಡು ಅವರದಲ್ಲ, ಷಿಕಾಗೊದ ಕಪ್ಪು ಮುದುಕರದು, ಇವರು ಬರೀ ಕಳ್ಳರು ಎಂದೆ. ಅವನು ನಗುತ್ತ, “ನಿನ್ನ ಬೀಚ್ ಬಾಯ್ಸ್ ಏನು ಸಾಚಾನಾ? 1963ರ ಆ ‘ಸರ್ಫಿನ್ ಯುಎಸ್‌ಎ’ ರಾಗ ಚಕ್ ಬೆರ್ರೀದು ತಾನೆ? ನಿನ್ನ ಎಲ್ವಿಸ್ ಮೊದಲು ಹಾಡಿದ್ದು ಯಾರ ಹಾಡು?” ಎಂದ. ಎಲ್ಲ ನಿಜ. ಎಲ್ವಿಸ್ಸನ 1954ರ ಮೊದಲ ತಟ್ಟೆಯ ಹಾಡು ಆರ್ಥರ್ ಕ್ರಡಪ್‌ನದು. ಆ ಮನುಷ್ಯ ತನಗೆ ನ್ಯಾಯವಾಗಿ ಸಲ್ಲಬೇಕಾದ ಹಣ ಕಾಣದೆಯೇ 1974ರಲ್ಲಿ ತೀರಿಕೊಂಡ. ಸೋಲು ಎದುರಿಗೆ ಬಂದಾಗ ಮನುಷ್ಯ ಆಡಬಾರದ ಮಾತಾಡುತ್ತಾನೆ. ನಾನು ಹೇಳಿದೆ: “ನಿನ್ನ ಇಂಗ್ಲಿಷರಿಗೆ ಕದಿಯೋದು ಹೊಸದಾ ಮಾರಾಯ? ನಿಮ್ಮೂರಲ್ಲೇ ಕೇಳು, ಎಷ್ಟು ಚಿನ್ನ ಹೋಯಿತು ಅಂತ. ಅವರ ಹಾಡಿಗೆ ನೀನು ತಾಳ ಹಾಕು.”

ಅವನು ಪೆನ್ಸಿಲನ್ನು ಮೇಜಿನ ಮೇಲಿಟ್ಟು ದೀಪ ಆರಿಸಿ ಮಲಗಿದ. ಎರಡು ದಿನ ಮಾತಿಲ್ಲ. ಟ್ರಾನ್ಸಿಸ್ಟರು ಕಿಟಕಿಯಲ್ಲಿ ಸುಮ್ಮನೆ ಕೂತಿತ್ತು.

ಮೂರನೆಯ ರಾತ್ರಿ ಕತ್ತಲಲ್ಲಿ ಅವನೇ ಮಾತು ತೆಗೆದ. “ಚಿನ್ನದ ವಿಷಯ ನೀನು ನನಗೆ ಹೇಳಬೇಡ ಗುರುವೇ. ಅದನ್ನು ಕೆಳಗಿಂದ ಮೇಲಕ್ಕೆ ತಂದವರು ನಮ್ಮಪ್ಪ.” ಅವನ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಗಣಿ ಅದು. ಮೈಯೆಲ್ಲ ಬೆವರು, ಬಂಡೆ ಮುಟ್ಟಿದರೆ ಬಿಸಿ ಎಂದು ಹೇಳಿದ. ತಾನು ಯಾಕೆ ಇಂಗ್ಲೆಂಡಿನ ಹಾಡು ಹಿಡಿದೆ ಎಂಬುದನ್ನೂ ಹೇಳಿದ. ಟಾಮ್ ಜೋನ್ಸ್ ವೇಲ್ಸಿನ ಕಲ್ಲಿದ್ದಲು ಗಣಿಯವನ ಮಗ ಎಂದು ಎಲ್ಲೋ ಓದಿದ್ದನಂತೆ. ಗಣಿಯವನ ಮಗ ಹಾಗೆ ಎದೆಯೆತ್ತಿ ಹಾಡಬಹುದು ಎಂದು ಗೊತ್ತಾದ ದಿನದಿಂದ ಬಿಟ್ಟಿಲ್ಲ. ನಮ್ಮೂರಿನ ದೊರೆಗಳಿಗೂ ಈ ಹುಡುಗರಿಗೂ ಏನು ಸಂಬಂಧ, ಅವರಪ್ಪಂದಿರು ನಮ್ಮಪ್ಪನ ಹಾಗೆ ಎಂದ.

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ. “ನಮ್ಮಪ್ಪನಿಗೆ ಬರೋದು ಒಂದೇ ಒಂದು ಇಂಗ್ಲಿಷ್ ಹಾಡು. ಹಬ್ಬದ ದಿನ ಕ್ಲಬ್ಬಿನ ಬೇಲಿಯಾಚೆ ನಿಂತು ಕಲಿತದ್ದು. ಪಾಳಿ ಮುಗಿಸಿ ಬಂದು ಸ್ನಾನಕ್ಕೆ ಹೋದರೆ ಅದೇ. ಮಾತು ಅರ್ಧಕ್ಕರ್ಧ ತಪ್ಪು.”

“ಯಾವುದು?”

“‘ಸಿಕ್ಸ್‌ಟೀನ್ ಟನ್ಸ್’.”

ನಾನು ಎದ್ದು ಕೂತೆ. ಮರ್ಲ್ ಟ್ರಾವಿಸ್ 1946ರಲ್ಲಿ ಹಾಡಿದ್ದ, ಆಮೇಲೆ 1955ರಲ್ಲಿ ಟೆನೆಸ್ಸಿ ಅರ್ನಿ ಫರ್ಡ್‌ನ ಗಡಸು ಗಂಟಲಲ್ಲಿ ಲೋಕವೆಲ್ಲ ಕೇಳಿದ ಹಾಡು. ಕೆಂಟಕಿಯ ಕಲ್ಲಿದ್ದಲು ಗಣಿಯ ಕೂಲಿಯದು. ಎಷ್ಟು ದುಡಿದರೂ ಕಂಪನಿಯ ಅಂಗಡಿಯ ಸಾಲ ತೀರದವನದು.

“ಅದು ಅಮೆರಿಕದ್ದಲ್ಲವೇನೋ!”

“ಹೌದು. ಅದಕ್ಕೇ ಇಷ್ಟು ದಿನ ಹೇಳಲಿಲ್ಲ.”

ಬೆಳಿಗ್ಗೆ ನೋಡಿದರೆ ನನ್ನ ಕಲಮಿನಲ್ಲಿ ಒಂದು ಗೀಟು ಹೆಚ್ಚಾಗಿತ್ತು. ನನಗೆ ಅದನ್ನು ಇಟ್ಟುಕೊಳ್ಳುವ ಮುಖವಿರಲಿಲ್ಲ. ರಬ್ಬರಿನಿಂದ ಉಜ್ಜಿದೆ, ಸುಣ್ಣ ಕೆದರಿತೇ ಹೊರತು ಗೀಟು ಪೂರ್ತಿ ಹೋಗಲಿಲ್ಲ. ಆ ದಿನ ಮಸಾಲೆದೋಸೆ ನಾನು ಕೊಡಿಸಿದೆ. ಯಾಕೆಂದು ಅವನು ಕೇಳಲಿಲ್ಲ. ಫರ್ಡ್‌ನ ಆ ತಟ್ಟೆ 1956ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿಯೂ ಮೊದಲನೆಯದಾಗಿತ್ತು ಎಂದು ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಅದೇ ವರ್ಷ ಕೋಲಾರದ ಗಣಿಗಳು ಇಂಗ್ಲಿಷ್ ಕಂಪನಿಯ ಕೈ ಬಿಟ್ಟು ಮೈಸೂರು ಸರ್ಕಾರದ ವಶವಾದವು.

ಕಳ್ಳತನದ ಮಾತು ನಾನು ಆಡಿದ್ದು ಹೊಟ್ಟೆಯುರಿಗೆ. ಆದರೂ ಅದನ್ನು ತಳ್ಳಿಹಾಕುವಂತಿಲ್ಲ. ಲೆಡ್ ಜೆಪೆಲಿನ್‌ನ 1969ರ ಒಂದು ದೊಡ್ಡ ಹಾಡಿನ ವಿಷಯದಲ್ಲಿ ಷಿಕಾಗೊದ ವಿಲ್ಲಿ ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ. ಮಡ್ಡಿ ವಾಟರ್ಸನಿಗಾಗಿ ತಾನು ಬರೆದದ್ದನ್ನು ಇವರು ಎತ್ತಿಕೊಂಡಿದ್ದಾರೆ ಎಂಬುದು ಅವನ ದೂರು. ಎರಡು ವರ್ಷದ ಮೇಲೆ ಕೋರ್ಟಿನ ಹೊರಗೆ ರಾಜಿಯಾಯಿತು. ಚೆಸ್ ಕಂಪನಿಯ ಆ ಹಳೆಯ ಕಟ್ಟಡದಲ್ಲಿ ಡಿಕ್ಸನ್ ಕಟ್ಟಿದ ಪ್ರತಿಷ್ಠಾನ ನಡೆದಿದೆ. ಇನ್ನೊಂದು ಮಗ್ಗುಲೂ ಉಂಟು. 1965ರ ಮೇ ತಿಂಗಳಲ್ಲಿ ಅಮೆರಿಕದ ‘ಷಿಂಡಿಗ್’ ಎಂಬ ಟೆಲಿವಿಷನ್ ಕಾರ್ಯಕ್ರಮಕ್ಕೆ ಕರೆದಾಗ, ಹೌಲಿನ್ ವುಲ್ಫ್ ಬರುವುದಾದರೆ ಮಾತ್ರ ನಾವು ಬರುತ್ತೇವೆ ಎಂದು ರೋಲಿಂಗ್ ಸ್ಟೋನ್ಸ್ ಹಠ ಹಿಡಿದರು. ಅಮೆರಿಕದ ಬಿಳಿಯರ ಮಕ್ಕಳು ತಮ್ಮ ದೇಶದ ಆ ಮಹಾಗಾಯಕನನ್ನು ಕಂಡದ್ದು ಇಂಗ್ಲೆಂಡಿನ ಹುಡುಗರು ಅವನ ಕಾಲ ಬುಡದಲ್ಲಿ ಕೂತು ಕೇಳುತ್ತಿರುವಾಗ. ಕಡ ತಂದವನು ಕಡ ಕೊಟ್ಟವನ ಮನೆಯ ದಾರಿ ತೋರಿಸಿದ ಹಾಗೆ.

ಈ ಜೋಡಾಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ 1966ರದು. ಪಾಲ್ ಮೆಕಾರ್ಟ್ನಿ ಹುಟ್ಟಿದ್ದು 1942ರ ಜೂನ್ 18ಕ್ಕೆ, ಲಿವರ್‌ಪೂಲಿನಲ್ಲಿ. ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ಹುಟ್ಟಿದ್ದು ಅದೇ ತಿಂಗಳು 20ಕ್ಕೆ, ಕ್ಯಾಲಿಫೋರ್ನಿಯದಲ್ಲಿ. ಎರಡೇ ದಿನದ ಅಂತರ. ವಿಲ್ಸನ್ನನ ಬಲಗಿವಿ ಹೆಚ್ಚುಕಡಿಮೆ ಕಿವುಡು. 1964ರ ಕೊನೆಯಲ್ಲಿ ವಿಮಾನದಲ್ಲಿ ಭಯ ಹಿಡಿದು ಕುಸಿದ ಮೇಲೆ ಅವನು ತಂಡದ ಜೊತೆ ಊರೂರು ತಿರುಗುವುದನ್ನೇ ಬಿಟ್ಟು ಸ್ಟುಡಿಯೋದಲ್ಲಿ ಕೂತ. 1965ರ ಡಿಸೆಂಬರಿನಲ್ಲಿ ಬೀಟಲ್ಸರ ‘ರಬ್ಬರ್ ಸೋಲ್’ ಬಂತು. ಅದನ್ನು ಕೇಳಿ ವಿಲ್ಸನ್ನನಿಗೆ ನಿದ್ದೆ ಹಾರಿಹೋಯಿತು: ಒಂದೂ ಜೊಳ್ಳು ಹಾಡಿಲ್ಲದ ತಟ್ಟೆಯನ್ನು ಹೀಗೂ ಮಾಡಬಹುದೇ! ತಮಾಷೆಯೆಂದರೆ ಅವನು ಕೇಳಿದ್ದು ಕ್ಯಾಪಿಟಲ್‌ನವರು ಕೆಲವು ಹಾಡು ತೆಗೆದು ಬೇರೆ ಹಾಡು ಸೇರಿಸಿ ಹೊಲಿದ ಅಮೆರಿಕದ ಆವೃತ್ತಿ. ಇಂಗ್ಲೆಂಡಿನಲ್ಲಿ ಬಂದದ್ದು ಬೇರೆಯೇ. ಅವನನ್ನು ಕೆರಳಿಸಿದ್ದು ಬೀಟಲ್ಸರು ಆ ರೂಪದಲ್ಲಿ ಮಾಡಿಯೇ ಇರದ ತಟ್ಟೆ.

ಅದಕ್ಕೆ ಅವನ ಜವಾಬು 1966ರ ಮೇ 16ರಂದು ಬಂದ ‘ಪೆಟ್ ಸೌಂಡ್ಸ್’. ಸೈಕಲ್ಲಿನ ಗಂಟೆ, ನಾಯಿಯ ಬೊಗಳು, ಕುಡಿದಿಟ್ಟ ಡಬ್ಬಿ, ಇವನ್ನೆಲ್ಲ ಪಿಟೀಲು ಕೊಂಬುಗಳ ಪಕ್ಕ ಕೂರಿಸಿದ್ದ. ಒಂದೇ ಕಿವಿಯವನು ಇಷ್ಟನ್ನೂ ಹೇಗೆ ಕೇಳಿಸಿಕೊಂಡನೋ! ಅಮೆರಿಕದಲ್ಲಿ ಅದು ಹತ್ತನೆಯ ಸ್ಥಾನದಲ್ಲಿ ನಿಂತುಹೋಯಿತು. ಬ್ರಿಟನ್ನಿನಲ್ಲಿ ಎರಡನೆಯದಾಯಿತು. ತಂಡದ ಬ್ರೂಸ್ ಜಾನ್ಸ್ಟನ್ ಆ ಮೇ ತಿಂಗಳಲ್ಲೇ ಅದನ್ನು ಲಂಡನ್ನಿಗೆ ತಂದು ಹೋಟೆಲಿನ ಕೋಣೆಯಲ್ಲಿ ಲೆನನ್ ಮತ್ತು ಮೆಕಾರ್ಟ್ನಿಗೆ ಕೇಳಿಸಿದ. ವರ್ಷದ ಕೊನೆಗೆ ಲಂಡನ್ನಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯ ಓದುಗರು ಲೋಕದ ಅತ್ಯುತ್ತಮ ಗಾಯಕರ ತಂಡವೆಂದು ಆರಿಸಿದ್ದು ಬೀಟಲ್ಸರನ್ನಲ್ಲ, ಬೀಚ್ ಬಾಯ್ಸನ್ನು. ಚಾಪೆ ಎತ್ತಿಕೊಂಡು ಜನ ಆಚೆ ರಂಗಸ್ಥಳಕ್ಕೆ ಹೋಗಿದ್ದರು.

ಮೆಕಾರ್ಟ್ನಿ ಆ ತಟ್ಟೆಯನ್ನು ಕೇಳಿ ಅತ್ತದ್ದುಂಟಂತೆ. ಅವನ ಜವಾಬು 1967ರ ‘ಸಾರ್ಜೆಂಟ್ ಪೆಪ್ಪರ್’. ‘ಪೆಟ್ ಸೌಂಡ್ಸ್’ ಇಲ್ಲದಿದ್ದರೆ ಅದು ಇರುತ್ತಿರಲಿಲ್ಲ ಎಂದು ಬೀಟಲ್ಸರ ತಟ್ಟೆಗಳನ್ನು ರೂಪಿಸಿದ ಜಾರ್ಜ್ ಮಾರ್ಟಿನ್ನೇ ಹೇಳಿದ್ದಾನೆ. ವಿಲ್ಸನ್ ಅಷ್ಟು ಹೊತ್ತಿಗೆ ‘ಸ್ಮೈಲ್’ ಎಂಬ ಇನ್ನೂ ದೊಡ್ಡ ಜವಾಬಿಗೆ ಕೈಹಾಕಿ ಮುಳುಗಿದ್ದ. ಕಂಪನಿಯ ಜೊತೆ ವ್ಯಾಜ್ಯ, ತಂಡದೊಳಗೆ ಅಸಮಾಧಾನ, ಮಾದಕ ದ್ರವ್ಯ, ಕೆಡುತ್ತಿದ್ದ ಮನಸ್ಸು. 1967ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟ. ಬೀಟಲ್ಸ್ ಅವನನ್ನು ಸೋಲಿಸಿದರು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜೋಡಾಟದಲ್ಲಿ ಕುಣಿಯುತ್ತ ಕುಸಿದು ಬಿದ್ದ ವೇಷಧಾರಿಯನ್ನು ಎದುರು ಮೇಳ ಸೋಲಿಸಿತು ಎನ್ನಲಾಗುತ್ತದೆಯೆ? ಅವನ ಪಕ್ಕ ಇನ್ನೊಂದು ಮೇಳದಲ್ಲಿ ಇದ್ದಂತೆ ಹೆಗಲು ಕೊಡುವ ಲೆನನ್ ಇರಲಿಲ್ಲ, ಅಷ್ಟೆ. ಆ ‘ಸ್ಮೈಲ್’ ಕೊನೆಗೂ ಮುಗಿದು ಜನರೆದುರಿಗೆ ಬಂದದ್ದು 2004ರ ಫೆಬ್ರವರಿಯಲ್ಲಿ, ಮೂವತ್ತೇಳು ವರ್ಷದ ಮೇಲೆ. ಬಂದದ್ದು ಕ್ಯಾಲಿಫೋರ್ನಿಯದಲ್ಲಲ್ಲ, ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ.

ಅವಲಕ್ಕಿಯ ಪಂಕ್ತಿಯೂ ಇದೆ, ಅದು ನಮ್ಮ ದೇಶದಲ್ಲೇ. 1968ರ ಆರಂಭದಲ್ಲಿ ಬೀಟಲ್ಸ್ ಋಷಿಕೇಶದ ಆಶ್ರಮಕ್ಕೆ ಧ್ಯಾನಕ್ಕೆಂದು ಬಂದಾಗ ಬೀಚ್ ಬಾಯ್ಸ್‌ನ ಮೈಕ್ ಲವ್ ಕೂಡ ಅಲ್ಲಿದ್ದ. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮೆಕಾರ್ಟ್ನಿ ಗಿಟಾರು ಹಿಡಿದು ಬಂದು ಹೊಸ ಹಾಡೊಂದನ್ನು ನುಡಿಸಿದ ಎಂದು ಲವ್ ಹೇಳಿಕೊಂಡಿದ್ದಾನೆ. ಅದು ‘ಬ್ಯಾಕ್ ಇನ್ ದಿ ಯುಎಸ್‌ಎಸ್‌ಆರ್’: ಚಕ್ ಬೆರ್ರಿಯ ಹಾಡನ್ನು ಕೀಟಲೆ ಮಾಡುತ್ತ, ನಡುವೆ ಬೀಚ್ ಬಾಯ್ಸರ ಕಂಠವನ್ನೇ ಅಣಕಿಸುವ ಹಾಡು. ಅಣಕಿಸಿಕೊಂಡವನೇ ಎದುರಿಗೆ ಕೂತು ಕೇಳುತ್ತಿದ್ದ.

ಆಮೇಲಿನ ಕಾಲದ್ದು ನನಗೆ ಅಷ್ಟು ರುಚಿಸಲಿಲ್ಲ. 1981ರಲ್ಲಿ ಶುರುವಾದ ಎಂಟಿವಿ ಮೊದಲು ತೋರಿಸಿದ್ದು ಬಗಲ್ಸ್ ಎಂಬ ಇಂಗ್ಲಿಷ್ ತಂಡದ ಹಾಡು ಎಂದು ಇನ್ನೊಂದು ಪೋಸ್ಟ್‌ಕಾರ್ಡ್ ಬಂದಿತ್ತು. ಇಥಿಯೋಪಿಯದ ಕ್ಷಾಮಕ್ಕೆ 1984ರಲ್ಲಿ ಬ್ರಿಟನ್ನಿನವರು ಒಟ್ಟಾಗಿ ಒಂದು ಹಾಡು ಹಾಡಿದರೆ ಮರುವರ್ಷ ಅಮೆರಿಕದವರು ಒಂದು ಹಾಡಿದರು. ಪೈಪೋಟಿಯಿಂದ ಅನ್ನ ಹುಟ್ಟಿದ್ದು ಅದೊಂದು ಸಲ.

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದರು. ಅವನು ಗಣಿಯ ರೈಲು ಹತ್ತಿ ಬಂದಿದ್ದ. ಗಣಿ ಮುಚ್ಚಿ ಎರಡು ವರ್ಷವಾಗಿತ್ತು, ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಮಳೆ ಹೊಡೆಯಿತು. ಐವತ್ತರ ಆಸುಪಾಸಿನ ನಾವಿಬ್ಬರು ಒಂದೇ ಪ್ಲಾಸ್ಟಿಕ್ ಹಾಳೆ ತಲೆಗೆ ಹಿಡಿದು, ಅರವತ್ತರ ಜಾಗರ್ ಕುಣಿಯುವುದನ್ನು ಕೆಸರಿನಲ್ಲಿ ನಿಂತು ನೋಡಿದೆವು. ಮಧ್ಯೆ ಅವನು ನನ್ನ ಕಿವಿಗೆ ಬಾಯಿಟ್ಟು, “ಇದು ಯಾರದ್ದೋ ಕಡ ತಂದದ್ದೇ ಇರಬೇಕು, ಅಲ್ವಾ?” ಎಂದು ಕೂಗಿದ. ಇಪ್ಪತ್ತೆಂಟು ವರ್ಷ ಇಟ್ಟುಕೊಂಡಿದ್ದ ಮಾತು.

2025ರ ಜೂನ್ 11ರಂದು ಬ್ರಯಾನ್ ವಿಲ್ಸನ್ ತೀರಿಕೊಂಡ. ಸುದ್ದಿ ತಿಳಿದ ಮೇಲೆ ಮೊದಲ ಫೋನು ಆಂಡರ್ಸನ್‌ಪೇಟೆಯಿಂದ ಬಂತು. “ನಿನ್ನವನು ಹೋದನಲ್ಲ” ಎಂದ, ಸಾವಿನ ಮನೆಗೆ ಬಂದವರ ದನಿಯಲ್ಲಿ. ನಾನು ಹೂಂ ಅಂದೆ. ಸ್ವಲ್ಪ ತಡೆದು, “‘ಪೆಟ್ ಸೌಂಡ್ಸ್’ ಗೀಟು ಗೋಡೆಯಲ್ಲಿ ಯಾರ ಕಡೆಗೆ ಹಾಕಿದ್ದೆವು?” ಎಂದು ಕೇಳಿದ. ಆ ಗೋಡೆಗೆ ಅದೆಷ್ಟು ಸಲ ಸುಣ್ಣವಾಗಿದೆಯೋ. ನನ್ನ ಕಡೆಗೆ, ಅದರಲ್ಲೇನು ಅನುಮಾನ ಎಂದೆ.

“ಸುಳ್ಳು. ನಿಮ್ಮಲ್ಲಿ ಹತ್ತನೆಯದು, ನಮ್ಮಲ್ಲಿ ಎರಡನೆಯದು. ಗುರುತಿಸಿದವರು ನಾವು. ಅದು ನಮ್ಮ ಗೀಟು.”

ನಾನು ಬಾಯಿ ತೆಗೆಯುವಷ್ಟರಲ್ಲಿ ಯಾರೋ ಬಾಗಿಲು ಬಡಿದರೆಂದು ಫೋನಿಟ್ಟ. ಹತ್ತು ನಿಮಿಷಕ್ಕೆ ಮತ್ತೆ ಅವನೇ ಮಾಡಿದ.